ಫೀನಿಕ್ಸ್ ಮತ್ತು ಸ್ಕಾಟ್ಸ್‌ಡೇಲ್‌ಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಝೋನಾದ ಫೀನಿಕ್ಸ್ ಸುತ್ತಮುತ್ತ ಈಗ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಚಿಪ್ ಕಾರ್ಖಾನೆ, ಯೂನಿವರ್ಸಿಟಿ, ಆಸ್ಪತ್ರೆ, ಬ್ಯಾಂಕುಗಳ ಐಟಿ ಕೆಲಸ ಅಂತ ಬಂದು ಇಲ್ಲೇ ಮನೆ ಮಾಡಿಕೊಂಡವರು. ಅವರ ಮನೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಬೇರೆ ರಾಜ್ಯಗಳಿಂದ ಗೆಳೆಯರು ಬರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ಇದು ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗುವ ಊರು. ನನಗೆ ಅದು ಬೇಜಾರಿನ ವಿಷಯ. ಈ ಊರನ್ನ ಮರುಭೂಮಿಯ ಗಡಿಯಾರಕ್ಕೆ ತಕ್ಕಂತೆ ನೋಡಬೇಕು. ನಸುಕಿನಲ್ಲೇ ಹೊರಟು, ಮಧ್ಯಾಹ್ನ ನೆರಳು ಹಿಡಿದು, ಸಂಜೆ ಮತ್ತೆ ಹೊರಬೀಳಬೇಕು. ಹಾಗೆ ನೋಡಿದರೆ ನಾಲ್ಕು ದಿನವೂ ಸಾಲದು. ಕೆಳಗಿನ ಉತ್ತರಗಳನ್ನ ಅದೇ ಲೆಕ್ಕದಲ್ಲಿ ಬರೆದಿದ್ದೇನೆ.

ಫೀನಿಕ್ಸ್, ಸ್ಕಾಟ್ಸ್‌ಡೇಲ್ ಎರಡೂ ಒಂದೇ ಊರಾ?

ಬೇರೆ ಬೇರೆ. ಆದರೆ ಗಡಿ ಎಲ್ಲಿದೆ ಅಂತ ಕಾರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಫೀನಿಕ್ಸ್ ಅರಿಝೋನಾದ ರಾಜಧಾನಿ. 2020ರ ಜನಗಣತಿಯ ಪ್ರಕಾರ ಸುಮಾರು 16 ಲಕ್ಷ ಜನ, ಅಮೆರಿಕದ ಐದನೇ ದೊಡ್ಡ ನಗರ. ಸ್ಕಾಟ್ಸ್‌ಡೇಲ್ ಅದರ ಪೂರ್ವಕ್ಕೆ ಅಂಟಿಕೊಂಡಿರುವ, ಎರಡೂವರೆ ಲಕ್ಷದ ಹತ್ತಿರ ಜನ ಇರುವ ಊರು. ವಿನ್‌ಫೀಲ್ಡ್ ಸ್ಕಾಟ್ ಎಂಬ ಸೇನೆಯ ಪಾದ್ರಿ 1888ರಲ್ಲಿ ಇಲ್ಲಿ 640 ಎಕರೆ ಜಮೀನು ಕೊಂಡು ಕಿತ್ತಳೆ ಜಾತಿಯ ಗಿಡಗಳನ್ನ ಹಾಕಿದ. ಊರಿಗೆ ಅವನದೇ ಹೆಸರು. ಈಗ ಅಲ್ಲಿ ಗಾಲ್ಫ್ ಮೈದಾನ, ಸ್ಪಾ, ಈಜುಕೊಳದ ರೆಸಾರ್ಟ್‌ಗಳದ್ದೇ ಕಾರುಬಾರು. ಫೀನಿಕ್ಸ್‌ನ ಡೌನ್‌ಟೌನ್‌ನಿಂದ ಸ್ಕಾಟ್ಸ್‌ಡೇಲ್‌ನ ಓಲ್ಡ್ ಟೌನ್‌ಗೆ ಸುಮಾರು 20 ಕಿಲೋಮೀಟರ್. ಟೆಂಪಿ, ಮೇಸಾ, ಚಾಂಡ್ಲರ್, ಗಿಲ್ಬರ್ಟ್ ಎಲ್ಲ ಸೇರಿಸಿ ಇಲ್ಲಿಯವರು ಒಟ್ಟಾಗಿ 'ವ್ಯಾಲಿ' ಅಂತಾರೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಡಿಸೆಂಬರ್, ಜನವರಿಯಲ್ಲಿ ಹಗಲು 19-20 ಡಿಗ್ರಿ, ಬೆಳಗಿನ ಜಾವ 7ರ ಆಸುಪಾಸು. ಸ್ವೆಟರ್ ಬೇಕು. ನನ್ನನ್ನ ಕೇಳಿದರೆ ಮಾರ್ಚ್ ಎಲ್ಲಕ್ಕಿಂತ ಚೆಂದ. ಚಳಿಗಾಲದಲ್ಲಿ ಮಳೆ ಚೆನ್ನಾಗಿ ಬಂದಿದ್ದರೆ ಗುಡ್ಡಗಳ ಮೇಲೆ ಹಳದಿ, ಕೇಸರಿ ಹೂವು ಹರಡಿರುತ್ತದೆ. ಹಳೇ ಬಡಾವಣೆಗಳಲ್ಲಿ ಕಿತ್ತಳೆ ಮರ ಹೂ ಬಿಟ್ಟಾಗ ರಸ್ತೆಯುದ್ದಕ್ಕೂ ಮಲ್ಲಿಗೆ ಮಾರುಕಟ್ಟೆಗೆ ಹೊಕ್ಕಂತಹ ಘಮ.

ಆದರೆ ಜನವರಿಯಿಂದ ಮಾರ್ಚ್‌ವರೆಗೆ ರೇಟು ಕೂಡ ಮೇಲೇ ಇರುತ್ತದೆ. ಚಳಿ ರಾಜ್ಯಗಳ ನಿವೃತ್ತರು ಆಗ ಇಲ್ಲಿಗೆ ಬಂದು ಇಳಿಯುತ್ತಾರೆ. ಸ್ಕಾಟ್ಸ್‌ಡೇಲ್‌ನಲ್ಲಿ ಜನವರಿಗೆ ಹಳೇ ಕಾರುಗಳ ಹರಾಜು. ಫೆಬ್ರವರಿಗೆ ಫೀನಿಕ್ಸ್ ಓಪನ್ ಗಾಲ್ಫ್ ಮತ್ತು ಅರಬ್ಬಿ ಕುದುರೆಗಳ ಪ್ರದರ್ಶನ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ 15 ಬೇಸ್‌ಬಾಲ್ ತಂಡಗಳ ಅಭ್ಯಾಸ ಪಂದ್ಯಗಳು. ಈ ವಾರಗಳಲ್ಲಿ ರೂಮು ಸಿಕ್ಕರೆ ನಿಮ್ಮ ಅದೃಷ್ಟ. ಕಡಿಮೆ ಖರ್ಚಿನಲ್ಲಿ ಒಳ್ಳೆ ಹವೆ ಬೇಕಾದರೆ ನವೆಂಬರ್ ಅಥವಾ ಡಿಸೆಂಬರ್ ಮೊದಲ ವಾರಗಳನ್ನ ನೋಡಿ.

ಮಕ್ಕಳಿಗೆ ರಜೆ ಇರೋದೇ ಜೂನ್-ಜುಲೈನಲ್ಲಿ. ಆಗ ಬರಬಹುದಾ?

ಬರಬಹುದು. ರೆಸಾರ್ಟ್‌ಗಳು ಆಗ ಅರ್ಧ ಬೆಲೆಗೆ ಇಳಿಯುವುದೂ ಉಂಟು. ಆದರೆ ದಿನಚರಿ ಪೂರ್ತಿ ಬದಲಾಗಬೇಕು. ಬೆಳಗ್ಗೆ 5ಕ್ಕೆ ಎದ್ದು, 8ರೊಳಗೆ ಹೊರಗಿನ ಕೆಲಸ ಮುಗಿಸಿ. 10ರಿಂದ ಸಂಜೆ 6ರವರೆಗೆ ಮ್ಯೂಸಿಯಂ, ಮಾಲ್, ಇಲ್ಲವೇ ಈಜುಕೊಳದ ನೆರಳು. ಸೂರ್ಯ ಮುಳುಗಿದ ಮೇಲೆ ಓಲ್ಡ್ ಟೌನ್. ಇದನ್ನ ಪಾಲಿಸಲು ಮನಸ್ಸಿಲ್ಲ ಅಂದರೆ ಬೇಸಿಗೆಯಲ್ಲಿ ಬರಬೇಡಿ. ವಯಸ್ಸಾದವರು, ಬಿಪಿ ಮಾತ್ರೆ ತಗೊಳ್ಳುವವರು ಜೊತೆಗಿದ್ದರೆ ಖಂಡಿತ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಲ್ಲಿಸಿದ ಕಾರಿನೊಳಗೆ ಮಗುವನ್ನಾಗಲಿ, ನಾಯಿಯನ್ನಾಗಲಿ ಎರಡು ನಿಮಿಷಕ್ಕೂ ಬಿಡಬೇಡಿ. ಹಾಲು ತರಲು ಒಳಗೆ ಹೋಗಿ ಬರುವಷ್ಟು ಹೊತ್ತಿಗೂ ಬೇಡ. ಸೀಟ್‌ಬೆಲ್ಟ್‌ನ ಲೋಹದ ತುದಿಯನ್ನ ಮಗುವಿಗೆ ಹಾಕುವ ಮೊದಲು ನಿಮ್ಮ ಕೈಯಲ್ಲಿ ಮುಟ್ಟಿ ನೋಡಿ. ಈಜುಕೊಳ ಇರುವ ಮನೆ ಬಾಡಿಗೆಗೆ ಹಿಡಿದರೆ, ಸುತ್ತ ಬೇಲಿ ಇದೆಯಾ, ಅದರ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದಾ ಅಂತ ಬುಕ್ ಮಾಡುವ ಮೊದಲೇ ಕೇಳಿ.

ನಾವು ರಾಯಚೂರು, ಕಲಬುರಗಿ ಬಿಸಿಲು ಕಂಡವರು. ಇದೇನು ಮಹಾ?

ಈ ಮಾತು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇನೆ. ಬಿಸಿಲಿನ ಅಭ್ಯಾಸ ಇರುವವರೇ ಇಲ್ಲಿ ಹೆಚ್ಚು ಹುಷಾರಾಗಿರಬೇಕು. ಜುಲೈನಲ್ಲಿ ಇಲ್ಲಿನ ಸರಾಸರಿ ಗರಿಷ್ಠವೇ 41 ಡಿಗ್ರಿ. 1990ರ ಜೂನ್ 26ರಂದು 50 ಡಿಗ್ರಿ ಮುಟ್ಟಿತ್ತು, ಇವತ್ತಿಗೂ ಅದೇ ದಾಖಲೆ. 2023ರಲ್ಲಿ 31 ದಿನ ಒಂದೇ ಸಮನೆ 43 ಡಿಗ್ರಿ ದಾಟಿತು. ಅದಕ್ಕಿಂತ ಕೆಟ್ಟದ್ದು ರಾತ್ರಿ. ಆ ವರ್ಷ ಜುಲೈ 19ರಂದು ಕನಿಷ್ಠ ತಾಪಮಾನವೇ 36 ಡಿಗ್ರಿ ಇತ್ತು. ಹಗಲೆಲ್ಲ ಕಾದ ಕಾಂಕ್ರೀಟು, ಡಾಂಬರು ರಾತ್ರಿಯಿಡೀ ಶಾಖ ಬಿಡುತ್ತಿರುತ್ತದೆ. ದೇಹಕ್ಕೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ. ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ ಆ ಒಂದು ವರ್ಷ ಬಿಸಿಲಿಗೆ ಸಂಬಂಧಿಸಿ 645 ಜನ ಸತ್ತರು.

ಎರಡನೇ ವ್ಯತ್ಯಾಸ ಒಣ ಹವೆ. ನಮ್ಮೂರಲ್ಲಿ ಬೆವರು ಇಳಿದರೆ ಗೊತ್ತಾಗುತ್ತದೆ, ನೀರು ಕುಡಿಯುತ್ತೇವೆ. ಇಲ್ಲಿ ಬೆವರು ಬಂದದ್ದೇ ಆರಿ ಹೋಗುತ್ತದೆ. ಅಂಗಿ ಒಣಗೇ ಇರುತ್ತದೆ, ಒಳಗಿನಿಂದ ನೀರು ಖಾಲಿ ಆಗುತ್ತಿರುತ್ತದೆ. ಬಾಯಾರುವ ತನಕ ಕಾಯಬೇಡಿ. ನೀರಿನ ಜೊತೆ ಉಪ್ಪೂ ಬೇಕು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಓಆರ್‌ಎಸ್ ಯಾವುದಾದರೂ ಸರಿ. ತಲೆಸುತ್ತು, ವಾಕರಿಕೆ ಶುರುವಾದರೆ ತಕ್ಷಣ ತಣ್ಣಗಿನ ಜಾಗಕ್ಕೆ ಕರೆದುಕೊಂಡು ಹೋಗಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅಂತ ತಿಳಿಯದಂತಾದರೆ 911ಕ್ಕೆ ಫೋನ್ ಮಾಡಿ.

ಮೂರನೆಯದು ನಮ್ಮ ಬರಿಗಾಲಿನ ಅಭ್ಯಾಸ. ಬೇಸಿಗೆಯ ಮಧ್ಯಾಹ್ನ ಇಲ್ಲಿನ ಡಾಂಬರು 70 ಡಿಗ್ರಿ ದಾಟುತ್ತದೆ. ಬಾಗಿಲಲ್ಲಿಟ್ಟ ಪಾರ್ಸೆಲ್ ತರಲು, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಕಾರಿನಿಂದ ಚಪ್ಪಲಿ ತರಲು ಅಂತ ಬರಿಗಾಲಲ್ಲಿ ಹತ್ತು ಹೆಜ್ಜೆ ಇಟ್ಟರೂ ಬೊಬ್ಬೆ ಬರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೂ ಗೊತ್ತಾಗದೆ ಗಾಯ ಆಳವಾಗಬಹುದು. ಅಜ್ಜಿ-ತಾತಂದಿರಿಗೆ ಇದನ್ನ ಬಂದ ದಿನವೇ ಹೇಳಿಬಿಡಿ.

ಮರುಭೂಮಿ ಅಂದ್ರೆ ಮಳೆಯೇ ಇಲ್ವಾ?

ಇದೆ. ವರ್ಷಕ್ಕೆ 18 ಸೆಂಟಿಮೀಟರ್ ಆಸುಪಾಸು, ಎರಡು ಕಂತಿನಲ್ಲಿ. ಚಳಿಗಾಲದಲ್ಲಿ ಮೆಲ್ಲಗೆ ಸುರಿಯುವ ಮಳೆ ಒಂದು. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಮಾನ್ಸೂನ್ ಇನ್ನೊಂದು. ಹೌದು, ಇಲ್ಲೂ ಅದನ್ನ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಸಂಜೆ ಹೊತ್ತು ಗುಡುಗು ಸಿಡಿಲಿನ ಜೊತೆ ಅರ್ಧ ಗಂಟೆ ಬಾರಿಸಿ ಹೋಗುತ್ತದೆ. ಆಗ ಕ್ರಿಯೋಸೋಟ್ ಎಂಬ ಪೊದೆಯಿಂದ ಒಂದು ಬಗೆಯ ವಾಸನೆ ಏಳುತ್ತದೆ. ಇಲ್ಲಿಯವರಿಗೆ ಮಳೆ ಅಂದರೆ ಆ ವಾಸನೆ.

ಮಳೆಗೆ ಮುಂಚೆ ಹಬೂಬ್ ಬರಬಹುದು. ಅದು ಗೋಡೆಯ ಹಾಗೆ ಎದ್ದು ಬರುವ ಧೂಳಿನ ಬಿರುಗಾಳಿ. 2011ರ ಜುಲೈ 5ರಂದು ಬಂದದ್ದು ಇಡೀ ವ್ಯಾಲಿಯನ್ನೇ ಮುಚ್ಚಿತ್ತು. ಕಾರು ಓಡಿಸುವಾಗ ಸಿಕ್ಕಿಹಾಕಿಕೊಂಡರೆ ರಸ್ತೆಯಿಂದ ಪೂರ್ತಿ ಆಚೆ ಇಳಿಸಿ ನಿಲ್ಲಿಸಿ. ಲೈಟು ಎಲ್ಲ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಪೆಡಲ್ ಮೇಲಿನ ಕಾಲು ತೆಗೆಯಿರಿ. ಲೈಟು ಯಾಕೆ ಆರಿಸಬೇಕು ಅಂದರೆ, ಹಿಂದಿನವರು ನಿಮ್ಮ ಕೆಂಪು ದೀಪವನ್ನ ನೋಡಿ ಅದೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ. ಟೂಸಾನ್‌ಗೆ ಹೋಗುವ ಐ-10 ಹೆದ್ದಾರಿಯಲ್ಲಿ ಈ ಅಪಾಯ ಜಾಸ್ತಿ.

ಒಣ ಹಳ್ಳಗಳ ವಿಷಯದಲ್ಲೂ ಎಚ್ಚರ. ದೂರದ ಗುಡ್ಡದಲ್ಲಿ ಸುರಿದ ಮಳೆ ಬಿಸಿಲಿರುವ ಕಡೆ ಪ್ರವಾಹವಾಗಿ ಬರುತ್ತದೆ. ಅಡ್ಡ ಇಟ್ಟ ಬ್ಯಾರಿಕೇಡ್ ದಾಟಿ ನೀರಿಗೆ ಕಾರು ಇಳಿಸಿ ಸಿಕ್ಕಿಹಾಕಿಕೊಂಡರೆ, ರಕ್ಷಣೆಯ ಖರ್ಚನ್ನ ನಿಮ್ಮಿಂದಲೇ ವಸೂಲಿ ಮಾಡುವ ಕಾನೂನು ಅರಿಝೋನಾದಲ್ಲಿದೆ.

ಕಾರಿಲ್ಲದೆ ಓಡಾಡಬಹುದಾ?

ಎಲ್ಲಿ ಉಳಿಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಸ್ಕೈ ಹಾರ್ಬರ್ ವಿಮಾನ ನಿಲ್ದಾಣ ಊರ ನಡುವೆಯೇ ಇದೆ. ಅಲ್ಲಿಂದ ಸ್ಕೈ ಟ್ರೇನ್ ಎಂಬ ಪುಕ್ಕಟೆ ರೈಲು ನಿಮ್ಮನ್ನ 44ನೇ ಸ್ಟ್ರೀಟ್‌ನ ಲೈಟ್ ರೈಲ್ ಸ್ಟೇಷನ್‌ಗೆ ಬಿಡುತ್ತದೆ. ಇನ್ನೊಂದು ತುದಿಯಲ್ಲಿ ಬಾಡಿಗೆ ಕಾರುಗಳ ಕಟ್ಟಡ. ಲೈಟ್ ರೈಲು ಫೀನಿಕ್ಸ್, ಟೆಂಪಿ, ಮೇಸಾ ಊರುಗಳನ್ನ ಜೋಡಿಸುತ್ತದೆ. ಟಿಕೆಟ್ 2 ಡಾಲರ್, ದಿನದ ಪಾಸ್ 4 ಡಾಲರ್. ಡೌನ್‌ಟೌನ್ ಅಥವಾ ಟೆಂಪಿಯಲ್ಲಿ ಉಳಿದರೆ ಎರಡು ದಿನ ಇದರಲ್ಲೇ ನಡೆಯುತ್ತದೆ. ಆದರೆ ರೈಲು ಸ್ಕಾಟ್ಸ್‌ಡೇಲ್‌ಗೆ ಹೋಗುವುದಿಲ್ಲ. ಅಲ್ಲಿ ಊರೊಳಗೆ ಪುಕ್ಕಟೆ ಟ್ರಾಲಿ ಬಸ್ಸು ಇದೆ, ಅಷ್ಟೇ. ಬೆಟ್ಟ, ಉದ್ಯಾನ, ಮ್ಯೂಸಿಯಂ ಎಲ್ಲ ನೋಡಬೇಕಾದರೆ ಕಾರು ಬೇಕು.

ರಸ್ತೆಗಳು ಚೌಕುಳಿ ಮನೆಗಳ ಲೆಕ್ಕದಲ್ಲಿವೆ, ಸುಲಭ. ಫೀನಿಕ್ಸ್‌ನಲ್ಲಿ ಸೆಂಟ್ರಲ್ ಅವೆನ್ಯೂ ನಡುಗೆರೆ. ಅದರ ಪಶ್ಚಿಮಕ್ಕೆ ನಂಬರಿನ ಅವೆನ್ಯೂಗಳು, ಪೂರ್ವಕ್ಕೆ ನಂಬರಿನ ಸ್ಟ್ರೀಟ್‌ಗಳು. 7ನೇ ಅವೆನ್ಯೂ ಬೇರೆ, 7ನೇ ಸ್ಟ್ರೀಟ್ ಬೇರೆ. ಈ ಎರಡು ರಸ್ತೆಗಳ ನಡು ಲೇನು ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಎದುರು ದಿಕ್ಕಿಗೆ ಓಡುತ್ತದೆ. ಮೇಲೆ ತೂಗುಹಾಕಿದ ಫಲಕ ಓದಿ ಆಮೇಲೆ ನುಗ್ಗಿ. ಭಾರತದ ಲೈಸೆನ್ಸ್ ಜೊತೆ ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್) ಇಟ್ಟುಕೊಳ್ಳಿ, ಬಾಡಿಗೆ ಕೌಂಟರ್‌ನಲ್ಲಿ ಮಾತು ಬೇಗ ಮುಗಿಯುತ್ತದೆ.

ಡ್ರೈವರ್ ಇಲ್ಲದ ಕಾರು ಹತ್ತೋದು ಕ್ಷೇಮವಾ?

ವೇಮೋ ಕಂಪನಿ 2020ರಲ್ಲೇ ಇಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನ ಸಾರ್ವಜನಿಕರಿಗೆ ಬಿಟ್ಟಿತು. ಈಗ ಫೀನಿಕ್ಸ್, ಸ್ಕಾಟ್ಸ್‌ಡೇಲ್, ಟೆಂಪಿ ರಸ್ತೆಗಳಲ್ಲಿ ದಿನಾ ಕಾಣುವ ನೋಟ. ಆ್ಯಪ್‌ನಲ್ಲಿ ಕರೆದರೆ ಬರುತ್ತದೆ, ಹಿಂದೆ ಕೂತು ಬೆಲ್ಟ್ ಹಾಕಿಕೊಂಡರೆ ಹೊರಡುತ್ತದೆ. ಕಾರು ಸಮಾಧಾನವಾಗಿ ಓಡುತ್ತದೆ. ಊರಿಂದ ಬಂದ ಹಿರಿಯರು ಮೊದಲ ತಿರುವಿನಲ್ಲಿ ಸೀಟು ಗಟ್ಟಿಯಾಗಿ ಹಿಡಿಯುತ್ತಾರೆ, ಮೂರನೇ ತಿರುವಿಗೆ ವಿಡಿಯೋ ಕಾಲ್ ಮಾಡಿ ಊರಿನವರಿಗೆ ತೋರಿಸುತ್ತಾರೆ. ಒಂದು ಸಲ ಹತ್ತಿ ನೋಡಿ. ಸಣ್ಣ ಮಗು ಇದ್ದರೆ ಕಾರ್ ಸೀಟು ನೀವೇ ತರಬೇಕು.

ರೆಸಾರ್ಟ್‌ನಲ್ಲಿ ಉಳಿಯೋದು ದುಡ್ಡಿಗೆ ತಕ್ಕುದಾ?

ದಿನವಿಡೀ ಹೊರಗೆ ಸುತ್ತುವ ಯೋಚನೆ ಇದ್ದರೆ ಸುಮ್ನೆ ದಂಡ. ಟೆಂಪಿ, ಚಾಂಡ್ಲರ್ ಕಡೆ ಸಾಧಾರಣ ಹೋಟೆಲ್ ಸಾಕು. ಎರಡು ದಿನ ಏನೂ ಮಾಡದೆ ಇರಬೇಕು ಅನ್ನುವವರಿಗೆ ಮಾತ್ರ ರೆಸಾರ್ಟ್. ಕೋಣೆಯ ಬಾಡಿಗೆ ಮೇಲೆ ರೆಸಾರ್ಟ್ ಫೀ, ಪಾರ್ಕಿಂಗ್, ತೆರಿಗೆ ಸೇರುತ್ತವೆ. ದಿನಕ್ಕೆ 40-50 ಡಾಲರ್ ಫೀ ಹಾಕುವವರೂ ಇದ್ದಾರೆ. 2025ರ ಮೇ ತಿಂಗಳಿಂದ ಇಂಥ ಕಡ್ಡಾಯ ಫೀ ಸೇರಿಸಿಯೇ ಬೆಲೆ ತೋರಿಸಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಆದರೂ ಕೊನೆಯ ಪುಟದ ಮೊತ್ತ ನೋಡದೆ ದುಡ್ಡು ಕಟ್ಟಬೇಡಿ.

ಉಳಿಯದೆಯೂ ಹಳೇ ರೆಸಾರ್ಟ್ ನೋಡುವ ಆಸೆ ಇದ್ದರೆ ಫೀನಿಕ್ಸ್‌ನ ಅರಿಝೋನಾ ಬಿಲ್ಟ್‌ಮೋರ್‌ಗೆ ಹೋಗಿ ಒಂದು ಕಾಫಿ ಕುಡಿಯಿರಿ. 1929ರಲ್ಲಿ ಶುರುವಾದದ್ದು. ಗೋಡೆಯ ಒಂದೊಂದು ಕಾಂಕ್ರೀಟ್ ಇಟ್ಟಿಗೆಯ ಮೇಲೂ ಅಚ್ಚೊತ್ತಿದ ಚಿತ್ತಾರ.

ಒಂದೇ ದಿನ ಇದೆ. ಏನು ನೋಡಲಿ?

ಡೆಸರ್ಟ್ ಬೊಟಾನಿಕಲ್ ಗಾರ್ಡನ್. ಎರಡನೇ ಮಾತಿಲ್ಲ. ಪಪಾಗೋ ಪಾರ್ಕ್‌ನ ಕೆಂಪು ಬಂಡೆಗಳ ಮಗ್ಗುಲಲ್ಲಿ 1939ರಲ್ಲಿ ತೆರೆದ ಉದ್ಯಾನ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ.

ಸವಾರೋ ಕಳ್ಳಿಯ ಹತ್ತಿರ ಹೋಗಿ ನಿಲ್ಲಿ. ಸೊನೋರನ್ ಮರುಭೂಮಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಕಾಂಡದ ಮೇಲೆ ಉದ್ದಕ್ಕೂ ಸೀರೆಯ ನೆರಿಗೆಯಂತೆ ಏಣುಗಳಿವೆ. ಮಳೆ ಬಂದಾಗ ನೆರಿಗೆ ಬಿಚ್ಚಿಕೊಂಡು ಕಾಂಡ ಉಬ್ಬುತ್ತದೆ, ಬರಗಾಲದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಮೊದಲ ಎಂಟು ವರ್ಷದಲ್ಲಿ ಗಿಡ ಒಂದೂವರೆ ಇಂಚು ಬೆಳೆದರೆ ಹೆಚ್ಚು. ತೋಳು ಒಡೆಯಲು 50ರಿಂದ 75 ವರ್ಷ. ಆಯಸ್ಸು 150 ದಾಟುತ್ತದೆ. ಮೇಲುಗಡೆ ದುಂಡನೆ ತೂತು ಕಂಡರೆ ಅದು ಗೀಲಾ ಮರಕುಟಿಗ ಕೊರೆದ ಗೂಡು. ಅದು ಬಿಟ್ಟುಹೋದ ಮೇಲೆ ಗುಬ್ಬಚ್ಚಿ ಗಾತ್ರದ ಎಲ್ಫ್ ಗೂಬೆ ಬಂದು ಸೇರಿಕೊಳ್ಳುತ್ತದೆ. ಮೇ-ಜೂನ್‌ನಲ್ಲಿ ತುದಿಯಲ್ಲಿ ಬಿಳಿ ಹೂವು. ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಬಾವಲಿ, ಜೇನು, ಬಿಳಿರೆಕ್ಕೆಯ ಪಾರಿವಾಳ ಮೂರೂ ಅದಕ್ಕೆ ಗಿರಾಕಿಗಳು. ಜೂನ್ ಕೊನೆಗೆ ಕೆಂಪು ಹಣ್ಣು. ಇಲ್ಲಿನ ಮೂಲನಿವಾಸಿ ಓಡಮ್ ಜನ ಇಂದಿಗೂ ಒಣಗಿದ ಸವಾರೋದ ಉದ್ದ ಗಳುವಿನಿಂದಲೇ ಅದನ್ನ ಇಳಿಸುತ್ತಾರೆ.

ಮಧ್ಯಾಹ್ನಕ್ಕೆ ಹರ್ಡ್ ಮ್ಯೂಸಿಯಂ. ಮೂಲನಿವಾಸಿಗಳ ಕಲೆ, ಬದುಕು ಅಲ್ಲಿದೆ. ಅವರ ಮಕ್ಕಳನ್ನ ಬಲವಂತದಿಂದ ಎತ್ತಿಕೊಂಡು ಹೋಗಿ ಇಟ್ಟ ಬೋರ್ಡಿಂಗ್ ಶಾಲೆಗಳ ಕುರಿತ ಕೋಣೆಗಳನ್ನ ಬಿಡಬೇಡಿ. ಸಂಜೆ ಪಪಾಗೋ ಪಾರ್ಕ್‌ನ ಹೋಲ್ ಇನ್ ದ ರಾಕ್. ಹತ್ತು ನಿಮಿಷ ಹತ್ತಿದರೆ ಸೂರ್ಯಾಸ್ತ ಸಿಗುತ್ತದೆ.

ಸ್ಕಾಟ್ಸ್‌ಡೇಲ್‌ನಲ್ಲಿ ಶಾಪಿಂಗ್ ಬಿಟ್ಟು ಏನಿದೆ?

ಟ್ಯಾಲಿಯೆಸಿನ್ ವೆಸ್ಟ್ ಇದೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಬೆಟ್ಟದ ತಪ್ಪಲಲ್ಲಿ ಶುರುಮಾಡಿದ ಚಳಿಗಾಲದ ಮನೆ ಮತ್ತು ಶಾಲೆ. ಅಲ್ಲೇ ಸಿಕ್ಕ ಕಲ್ಲುಗಳನ್ನ ಕಾಂಕ್ರೀಟಿನಲ್ಲಿ ಹುದುಗಿಸಿ ಗೋಡೆ ಎಬ್ಬಿಸಿದ್ದಾರೆ. ಮೊದಮೊದಲು ಮಾಡಿಗೆ ಕ್ಯಾನ್ವಾಸ್ ಬಟ್ಟೆಯೇ ಇತ್ತು. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಮತ್ತೆ ಮ್ಯಾಕ್‌ಡವೆಲ್ ಸೊನೋರನ್ ಪ್ರಿಸರ್ವ್ ಇದೆ. ಈ ಊರಿನ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಇರುವುದು ಇದಕ್ಕೇ. 1995ರಲ್ಲಿ ಊರಿನ ಜನ ಓಟು ಹಾಕಿ, ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡು, ಮರುಭೂಮಿಯನ್ನ ಬಿಲ್ಡರ್‌ಗಳ ಕೈಗೆ ಸಿಗದಂತೆ ಕೊಂಡು ಉಳಿಸಿದರು. ಈಗ ಅದು 30,000 ಎಕರೆಗೂ ಹೆಚ್ಚು, ಊರಿನ ಸುಮಾರು ಕಾಲು ಭಾಗ. ಪ್ರವೇಶ ಪುಕ್ಕಟೆ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಊರ ನಡುವಿನ ಇಂಡಿಯನ್ ಬೆಂಡ್ ವಾಶ್ ಕೂಡ ಇಂಥದ್ದೇ. ಪ್ರವಾಹಕ್ಕೆ ಕಾಂಕ್ರೀಟ್ ಚರಂಡಿ ಕಟ್ಟುವ ಬದಲು 11 ಮೈಲಿ ಉದ್ದಕ್ಕೆ ಹುಲ್ಲು, ಕೆರೆ, ಸೈಕಲ್ ದಾರಿ ಮಾಡಿದ್ದಾರೆ. ಮಳೆ ಜೋರಾದರೆ ನೀರು ಅದರಲ್ಲೇ ಹರಿದು ಹೋಗುತ್ತದೆ.

ಓಲ್ಡ್ ಟೌನ್‌ಗೆ ಗುರುವಾರ ಸಂಜೆ ಹೋಗಿ, ಆವತ್ತು ಗ್ಯಾಲರಿಗಳು ತಡವಾಗಿ ಮುಚ್ಚುತ್ತವೆ. ತಂಪು ತಿಂಗಳುಗಳಲ್ಲಿ ಶನಿವಾರ ಬೆಳಗ್ಗೆ ರೈತರ ಸಂತೆ ಇರುತ್ತದೆ. ನವೆಂಬರ್‌ನಲ್ಲಿ ಬಂದರೆ ಕಾಲುವೆಯ ಮೇಲೆ ಬೆಳಕಿನ ಕಲೆ ತೋರಿಸುವ ಕೆನಾಲ್ ಕನ್ವರ್ಜೆನ್ಸ್ ಹಬ್ಬ ನೋಡಿ.

ಮಂಡಿ ನೋವಿರುವ ಅಪ್ಪ ಅಮ್ಮನಿಗೆ?

ಮೊದಲು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂ. 2010ರಲ್ಲಿ ತೆರೆದದ್ದು, ಸುಮಾರು 200 ದೇಶಗಳ ವಾದ್ಯಗಳಿವೆ. ಹೆಡ್‌ಫೋನ್ ಹಾಕಿಕೊಂಡು ಒಂದು ವಾದ್ಯದ ಮುಂದೆ ನಿಂತರೆ ಅದರ ಸಂಗೀತ ತಾನಾಗಿ ಕೇಳುತ್ತದೆ. ಭಾರತದ ವಿಭಾಗವೂ ಇದೆ. ವೀಲ್‌ಚೇರ್ ಸಿಗುತ್ತದೆ, ಎಸಿ ಇದೆ, ಕೂರಲು ಜಾಗ ಇದೆ. ಅರ್ಧ ದಿನ ಬೇಕು.

ಪ್ರಿಸರ್ವ್‌ನ ಗೇಟ್‌ವೇ ಬಾಗಿಲಲ್ಲಿ ಬಹಾಡಾ ಎಂಬ ಅರ್ಧ ಮೈಲಿಯ ಸಮತಟ್ಟು ದಾರಿ ಇದೆ, ವೀಲ್‌ಚೇರ್ ಕೂಡ ಹೋಗುತ್ತದೆ. ಸೌತ್ ಮೌಂಟನ್‌ನ ಡಾಬಿನ್ಸ್ ಲುಕ್‌ಔಟ್‌ಗೆ ಕಾರಿನಲ್ಲೇ ಹತ್ತಬಹುದು, ಇಡೀ ವ್ಯಾಲಿ ಕಾಣುತ್ತದೆ. ಪಕ್ಕದ ಫೌಂಟನ್ ಹಿಲ್ಸ್‌ನಲ್ಲಿ ಗಂಟೆಗೊಮ್ಮೆ 15 ನಿಮಿಷ ಕಾರಂಜಿ ಹಾರುತ್ತದೆ, ಮೂರೂ ಪಂಪು ಓಡಿಸುವ ವಿಶೇಷ ದಿನ, ಗಾಳಿ ಇಲ್ಲದಿದ್ದರೆ 560 ಅಡಿವರೆಗೂ.

ಕ್ಯಾಮಲ್‌ಬ್ಯಾಕ್ ಬೆಟ್ಟ ಹತ್ತಬಹುದಾ?

ಚಳಿಗಾಲದಲ್ಲಿ, ಬೆಟ್ಟ ಹತ್ತಿ ಅಭ್ಯಾಸ ಇರುವವರು ಹತ್ತಬಹುದು. ಎಕೋ ಕ್ಯಾನ್ಯನ್ ದಾರಿಯಲ್ಲಿ ಸರಳು ಹಿಡಿದು ಬಂಡೆ ಏರುವ ಜಾಗಗಳಿವೆ. ನಂದಿ ಬೆಟ್ಟದ ಮೆಟ್ಟಿಲಿನ ಲೆಕ್ಕ ಹಾಕಿಕೊಂಡು ಹೋಗಬೇಡಿ. ಬಿಸಿಲಿನ ಎಚ್ಚರಿಕೆ ಹೊರಡಿಸಿದ ದಿನ ಇದನ್ನೂ ಪೈಯೆಸ್ಟೆವಾ ಪೀಕ್ ದಾರಿಯನ್ನೂ ಬೆಳಗ್ಗೆಯೇ ಮುಚ್ಚಿ, ಸಂಜೆ 5ಕ್ಕೆ ತೆರೆಯುತ್ತಾರೆ. ಅರ್ಧ ನೀರು ಖಾಲಿಯಾಯಿತು ಅಂದರೆ ಎಲ್ಲಿದ್ದರೂ ಸರಿ, ವಾಪಸ್ ತಿರುಗಿ. ಮೇಲಿಂದ ಜನರನ್ನ ಹೆಲಿಕಾಪ್ಟರ್‌ನಲ್ಲಿ ಇಳಿಸುವುದು ಇಲ್ಲಿ ಅಪರೂಪದ ಸುದ್ದಿಯಲ್ಲ.

ಮರುಭೂಮಿಯಲ್ಲಿ ಇಷ್ಟು ಹುಲ್ಲು, ಇಷ್ಟು ಈಜುಕೊಳ! ನೀರು ಎಲ್ಲಿಂದ?

ಒಳ್ಳೆ ಪ್ರಶ್ನೆ. ಯುರೋಪಿನವರು ಬರುವುದಕ್ಕೆ ಎಷ್ಟೋ ಮೊದಲು ಹೊಹೊಕಮ್ ಎಂದು ಹೆಸರಾದ ಜನ ಇಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಸಾಯ ಮಾಡಿದರು. ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆ ತೋಡಿದರು, ಅದೂ ಕಲ್ಲು ಮತ್ತು ಮರದ ಸಲಕರಣೆಗಳಿಂದ. ಸುಮಾರು 1450ರ ಹೊತ್ತಿಗೆ ಆ ಊರುಗಳು ಖಾಲಿಯಾದವು. 1867ರಲ್ಲಿ ಜಾಕ್ ಸ್ವಿಲ್ಲಿಂಗ್ ಎಂಬಾತ ಬಂದು ಹಳೇ ಕಾಲುವೆಗಳ ಜಾಡಿನಲ್ಲೇ ಮತ್ತೆ ನೀರು ಹರಿಸಿದ. ಹಳೇ ಊರಿನ ಬೂದಿಯಿಂದ ಎದ್ದ ಊರು ಅಂತ ಫೀನಿಕ್ಸ್ ಹಕ್ಕಿಯ ಹೆಸರಿಟ್ಟರು. ವಿಮಾನ ನಿಲ್ದಾಣದ ಹತ್ತಿರದ ಸೆಡಾವ್ ವಾಕಿ ಮ್ಯೂಸಿಯಂನಲ್ಲಿ ಆ ಕಾಲದ ದಿಬ್ಬ, ಕಾಲುವೆ ಗುರುತು ನೋಡಬಹುದು. ಹೊಹೊಕಮ್ ಜನರನ್ನ ತಮ್ಮ ಹಿರಿಯರು ಅನ್ನುವ ಓಡಮ್ ಜನ ಸ್ಕಾಟ್ಸ್‌ಡೇಲ್ ಪಕ್ಕದ ಸಾಲ್ಟ್ ರಿವರ್ ಮೀಸಲು ಪ್ರದೇಶದಲ್ಲಿ ಇದ್ದಾರೆ.

ಈಗಿನ ನೀರು 1911ರಲ್ಲಿ ಮುಗಿದ ರೂಸ್‌ವೆಲ್ಟ್ ಅಣೆಕಟ್ಟು ಮುಂತಾದವುಗಳಿಂದ ಬರುತ್ತದೆ. ಜೊತೆಗೆ ಕೊಲೊರಾಡೋ ನದಿಯಿಂದ 336 ಮೈಲಿ ಕಾಲುವೆಯಲ್ಲಿ ಎತ್ತಿ ತರುತ್ತಾರೆ. ಆ ನದಿ ಸೊರಗುತ್ತಿದೆ, ಅರಿಝೋನಾದ ಪಾಲೂ ಕಡಿತವಾಗಿದೆ. ಕಾವೇರಿ ಜಗಳ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ? ಹೋಟೆಲ್ ಟವೆಲ್ ದಿನಾ ಒಗೆಸಬೇಡಿ. ನಲ್ಲಿ ನೀರು ಕುಡಿಯಬಹುದು, ಸ್ವಲ್ಪ ಗಡಸು. ಬೇಸಿಗೆಯಲ್ಲಿ ತಣ್ಣೀರ ನಲ್ಲಿಯಲ್ಲೂ ಬಿಸಿನೀರೇ ಬರುತ್ತದೆ.

ಹಾವು, ಚೇಳಿನ ಕಾಟ ಇದೆಯಾ?

ಡೌನ್‌ಟೌನ್ ಹೋಟೆಲಿನಲ್ಲಿ ಚಿಂತೆ ಬೇಡ. ಗುಡ್ಡದ ಬುಡದ ಮನೆಗಳಲ್ಲಿ ಬೂಟು ಒದರಿ ಹಾಕಿಕೊಳ್ಳಿ. ಬಾರ್ಕ್ ಸ್ಕಾರ್ಪಿಯನ್ ಎಂಬ ಸಣ್ಣ ಚೇಳು ಸಣ್ಣ ಮಕ್ಕಳಿಗೆ ಅಪಾಯ, ಕುಟುಕಿದರೆ ಆಸ್ಪತ್ರೆಗೆ ಹೋಗಿ. ರ್ಯಾಟಲ್‌ಸ್ನೇಕ್ ಹಾವು ಬಿಸಿ ತಿಂಗಳುಗಳಲ್ಲಿ ಓಡಾಡುತ್ತದೆ. ದಾರಿ ಬಿಟ್ಟು ನಡೆಯಬೇಡಿ, ಕಾಣದ ಕಡೆ ಕೈಯಿಡಬೇಡಿ. ನಿಜಕ್ಕೂ ಹೆಚ್ಚು ಜನಕ್ಕೆ ತಗಲುವುದು ಚೋಯಾ ಕಳ್ಳಿ. ಸ್ವಲ್ಪ ಸವರಿದರೂ ಮುಳ್ಳಿನ ಉಂಡೆಯೇ ಕಿತ್ತು ಬಂದು ಅಂಟಿಕೊಳ್ಳುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಚೀಲದಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳಿ. ಹಲ್ಲುಗಳನ್ನ ಚರ್ಮ ಮತ್ತು ಉಂಡೆಯ ನಡುವೆ ತೂರಿಸಿ ಒಂದೇ ಸಲಕ್ಕೆ ಎಗರಿಸಿ.

ಸಸ್ಯಾಹಾರಿಗಳಿಗೆ ಊಟ?

ತೊಂದರೆ ಇಲ್ಲ. ಮೆಕ್ಸಿಕೋ ಗಡಿಯ ರಾಜ್ಯ ಇದು. ಬೀನ್ಸ್, ಅನ್ನ, ಟೋರ್ಟಿಯಾ ಎಲ್ಲೆಲ್ಲೂ ಸಿಗುತ್ತದೆ. ಆದರೆ ಬೀನ್ಸ್‌ನಲ್ಲಿ, ಟೋರ್ಟಿಯಾದಲ್ಲಿ ಹಂದಿ ಕೊಬ್ಬು ಇರಬಹುದು. 'ಲಾರ್ಡ್ ಹಾಕಿದ್ದೀರಾ' ಅಂತ ಕೇಳಿ. ಮೂಲನಿವಾಸಿಗಳ ಫ್ರೈ ಬ್ರೆಡ್ ಸಿಕ್ಕರೆ ಕೊಬ್ಬಿನ ವಿಷಯ ಕೇಳಿಕೊಂಡು ತಿನ್ನಿ, ನಮ್ಮ ಭಟೂರಾದ ಅಣ್ಣ. ಪಾಪಾಸುಕಳ್ಳಿ ಹಣ್ಣಿನ ಗುಲಾಬಿ ಶರಬತ್ತು ಕುಡಿಯಲೇಬೇಕು. ದೋಸೆ, ಇಡ್ಲಿ, ದಿನಸಿ ಬೇಕಾದರೆ ಚಾಂಡ್ಲರ್, ಟೆಂಪಿ ಕಡೆ ಹೋಗಿ.

ದೇವಸ್ಥಾನ, ಕನ್ನಡದವರು?

ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀ ವೆಂಕಟಕೃಷ್ಣ ಕ್ಷೇತ್ರ ಇದೆ. ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಮ್ಯಾರಿಕೋಪಾ ಎಂಬ ಊರಿನ ಬಯಲಿನಲ್ಲಿ ಮಹಾಗಣಪತಿ ದೇವಸ್ಥಾನ ಇದೆ, ಫೀನಿಕ್ಸ್‌ನಿಂದ ಮುಕ್ಕಾಲು ಗಂಟೆಯ ದಾರಿ. ಅರಿಝೋನಾ ಕನ್ನಡ ಸಂಘವೂ ಇದೆ. ಹಬ್ಬದ ಸಮಯಕ್ಕೆ ಬಂದರೆ ಕಾರ್ಯಕ್ರಮ ವಿಚಾರಿಸಿ.

ಗ್ರ್ಯಾಂಡ್ ಕ್ಯಾನ್ಯನ್ ಒಂದೇ ದಿನದಲ್ಲಿ ಆಗುತ್ತಾ?

ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ಗೆ ಸುಮಾರು 370 ಕಿಲೋಮೀಟರ್, ಒಂದು ಕಡೆಗೆ ಮೂರೂವರೆಯಿಂದ ನಾಲ್ಕು ಗಂಟೆ. ಆಗುತ್ತದೆ, ಆದರೆ ಸೂರ್ಯೋದಯವೂ ಸಿಗುವುದಿಲ್ಲ, ಸೂರ್ಯಾಸ್ತವೂ ಸಿಗುವುದಿಲ್ಲ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಅದು 2,100 ಮೀಟರ್ ಎತ್ತರದ ಊರು. ಫೀನಿಕ್ಸ್‌ನಲ್ಲಿ ಟೀ ಶರ್ಟ್ ಹಾಕುವ ದಿನ ಅಲ್ಲಿ ಹಿಮ ಬೀಳಬಹುದು, ಬೆಚ್ಚನೆ ಬಟ್ಟೆ ಕಾರಿನಲ್ಲಿರಲಿ. ಪಾರ್ಕ್ ಪ್ರವೇಶ ಕಾರಿಗೆ 35 ಡಾಲರ್. 2026ರಿಂದ ಅಮೆರಿಕದಲ್ಲಿ ವಾಸವಿಲ್ಲದ ವಿದೇಶಿಯರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ಅಪ್ಪ ಅಮ್ಮನನ್ನ ಕರೆದೊಯ್ಯುವ ಮೊದಲು ಇದನ್ನ ಲೆಕ್ಕಕ್ಕೆ ತಗೊಳ್ಳಿ. ಒಂದೇ ದಿನ ಇದ್ದರೆ ಎರಡು ಗಂಟೆ ದೂರದ, ಕೆಂಪು ಬಂಡೆಗಳ ಊರಾದ ಸೆಡೋನಾ ವಾಸಿ.

ಭಾರತಕ್ಕೂ ಇಲ್ಲಿಗೂ ಸಮಯದ ವ್ಯತ್ಯಾಸ?

ವರ್ಷವಿಡೀ ಹನ್ನೆರಡೂವರೆ ಗಂಟೆ. ಇಲ್ಲಿ ಸಂಜೆ 7 ಆದರೆ ಊರಲ್ಲಿ ಮರುದಿನ ಬೆಳಗ್ಗೆ 7.30. ಅರಿಝೋನಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಉತ್ತರದ ನವಾಹೋ ಪ್ರದೇಶ ಬಿಟ್ಟು.

ಊರಿಗೆ ವಾಪಸ್ ಹೋದ ಮೇಲೆ ಕೆಮ್ಮು, ಜ್ವರ ಬಂದರೆ?

ಇದನ್ನ ಯಾರೂ ಮೊದಲೇ ಕೇಳುವುದಿಲ್ಲ, ಆದರೆ ತಿಳಿದಿರಲೇಬೇಕು. ಇಲ್ಲಿನ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ. ಧೂಳಿನ ಜೊತೆ ಉಸಿರಿಗೆ ಹೋದರೆ ವ್ಯಾಲಿ ಫೀವರ್ ಎಂಬ ಕಾಯಿಲೆ ಬರಬಹುದು. ಒಂದರಿಂದ ಮೂರು ವಾರದ ಮೇಲೆ ಜ್ವರ, ಕೆಮ್ಮು, ವಿಪರೀತ ಸುಸ್ತು, ಕೀಲು ನೋವು. ಬಹಳ ಜನಕ್ಕೆ ತಾನಾಗಿ ವಾಸಿಯಾಗುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಜೋರಾಗಬಹುದು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಅಥವಾ ಟಿಬಿ ಹಾಗೆ ಕಾಣಬಹುದು. ನಮ್ಮೂರ ಡಾಕ್ಟರಿಗೆ ಇದು ತಟ್ಟನೆ ಹೊಳೆಯುವ ಕಾಯಿಲೆಯಲ್ಲ. ಅದಕ್ಕೇ 'ಅರಿಝೋನಾಕ್ಕೆ ಹೋಗಿದ್ದೆ, ವ್ಯಾಲಿ ಫೀವರ್ ಇರಬಹುದಾ' ಅಂತ ನೀವೇ ಬಾಯಿಬಿಟ್ಟು ಹೇಳಿ.

ಇಲ್ಲಿಂದ ಏನು ಕೊಂಡೊಯ್ಯಬಹುದು?

ಮೆಜೂಲ್ ಖರ್ಜೂರ, ಪಾಪಾಸುಕಳ್ಳಿ ಹಣ್ಣಿನ ಮಿಠಾಯಿ, ಮೆಸ್ಕೀಟ್ ಜೇನು. ಬೆಳ್ಳಿ ಮತ್ತು ಹಸಿರು-ನೀಲಿ ಟರ್ಕಾಯ್ಸ್ ಕಲ್ಲಿನ ಒಡವೆ ತಗೊಳ್ಳುವುದಾದರೆ ಮಾಡಿದ ಕಲಾವಿದರ ಹೆಸರು, ಅವರ ಬುಡಕಟ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರುವುದು 1990ರ ಕಾನೂನಿನಂತೆ ಅಪರಾಧ. ಹರ್ಡ್ ಮ್ಯೂಸಿಯಂನ ಅಂಗಡಿಯಲ್ಲಿ ಬೆಲೆ ಹೆಚ್ಚು, ಆದರೆ ಅಸಲಿ. ಗುಡ್ಡದಿಂದ ಕಳ್ಳಿ ಕಿತ್ತುಕೊಂಡು ಹೋಗುವ ಆಸೆ ಬೇಡ. ಇಲ್ಲಿನ ಕಾಡುಗಿಡಗಳಿಗೆ ರಾಜ್ಯದ ಕಾನೂನಿನ ರಕ್ಷಣೆ ಇದೆ, ಸವಾರೋ ಕಡಿದರೆ ಜೈಲೂ ಆಗಬಹುದು. ನರ್ಸರಿಯಲ್ಲಿ ಕೊಂಡ ಗಿಡವಾದರೂ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೆಂಗಳೂರಿನ ವಿಮಾನ ನಿಲ್ದಾಣ ದಾಟಿಸಬೇಡಿ.